ವಂಚಕ ಬೇರೆ ರಾಜ್ಯದಲ್ಲಿದ್ದರೂ ನಿಮ್ಮ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು

ಮೋಸದ ಮೆಸೇಜ್ ನಂಬಿ ಹಣ ಕಳೆದುಕೊಂಡು ದೂರು ಕೊಡಲು ಹೋದರೆ, ‘ಹಣ ಹೋದ ಖಾತೆ ಬೇರೆ ರಾಜ್ಯದ್ದು, ಅಲ್ಲೇ ದೂರು ಕೊಡಿ’ ಅಂತ ಪೊಲೀಸರು ನಿಮ್ಮನ್ನು ವಾಪಸ್ ಕಳಿಸಿದ್ದಾರೆ, ಅಲ್ವಾ? ಬಹುಶಃ ಠಾಣೆಯ ವ್ಯಾಪ್ತಿಯನ್ನು ಖಾತೆ ಇರುವ ಊರಿನಿಂದ ಮಾತ್ರ ಲೆಕ್ಕ ಹಾಕಿದ್ದಾರೆ. ಅದು ಸರಿಯಲ್ಲ. ಬಿಎನ್‌ಎಸ್‌ಎಸ್ (ಪೊಲೀಸ್ ತನಿಖೆ, ಕೋರ್ಟ್ ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಕಾನೂನು) ಸೆಕ್ಷನ್ 202ರ ಪ್ರಕಾರ ಮೋಸದ ಮೆಸೇಜ್ ಕಳಿಸಿದ ಜಾಗದಲ್ಲೂ ವಿಚಾರಣೆ ನಡೆಯಬಹುದು, ಅದು ನಿಮಗೆ ತಲುಪಿದ ಜಾಗದಲ್ಲೂ ನಡೆಯಬಹುದು.

ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಜಾರುತ್ತದೆ. ಆಮೇಲೆ ಮೆಸೇಜ್ ಬಂದ ಸಮಯ, ಆಗ ನೀವಿದ್ದ ಊರು, ವಹಿವಾಟಿನ ಸಂಖ್ಯೆ ಬರೆದುಕೊಂಡು ಠಾಣೆಗೆ ಹೋಗಿ. ಚಾಟ್ ಅಳಿಸಲೇಬೇಡಿ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಅಂತ ಸೆಕ್ಷನ್ 173 ಹೇಳುತ್ತದೆ. ನಾನು ಅದನ್ನು ದೂರಿನ ಮೊದಲ ಸಾಲಿನಲ್ಲೇ ಬರೆದಿದ್ದೆ, ತಗೊಂಡರು. ಕೇಸು ಕೊನೆಗೆ ಯಾವ ಕೋರ್ಟಿಗೆ ಹೋಗುತ್ತದೆ ಅನ್ನುವುದು ತನಿಖೆ ಮೇಲೆ ನಿಂತಿದೆ, ಈಗಲೇ ಹೇಳಲಾಗದು. ಮತ್ತೆ ನಿರಾಕರಿಸಿದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಾದ ಎಸ್‌ಪಿಗೆ ಕಳಿಸಿ.