ಓದುಗರ ಪ್ರಶ್ನೆ: ಮೊದಲ ಮ್ಯಾರಥಾನ್ ಓಡಿದವನು ಸತ್ತನಂತೆ, ಮಗನನ್ನು ಕಳಿಸಲೇ?

ಪ್ರಶ್ನೆ: ಮಗ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದಾನೆ. ಹಿಂದೆ ಆ 42 ಕಿ.ಮೀ. ಓಡಿದ ಗ್ರೀಕ್ ದೂತ ಗೆದ್ದ ಸುದ್ದಿ ಹೇಳಿ ಅಲ್ಲೇ ಪ್ರಾಣ ಬಿಟ್ಟನಂತೆ. ಅಷ್ಟು ದೂರ ದೇಹ ತಾಳುವುದಿಲ್ಲ ಎನ್ನುತ್ತಾರೆ. ಬೇಡ ಎನ್ನಲೇ?

ಉತ್ತರ: ಓಟದ ಸೀಸನ್ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ, ಕತ್ತರಿಸಿ ಇಟ್ಟುಕೊಳ್ಳಿ.

ಗ್ರೀಸ್‌ನ ಮ್ಯಾರಥಾನ್ ಎಂಬಲ್ಲಿ ಅಥೆನ್ಸ್‌ನವರು ಪರ್ಷಿಯನ್ನರನ್ನು ಸೋಲಿಸಿದ ಯುದ್ಧ ನಡೆದದ್ದು ಕ್ರಿ.ಪೂ. 490ರಲ್ಲಿ. ಅದರ ಬಗ್ಗೆ ವಿವರವಾಗಿ ಬರೆದವರಲ್ಲಿ ಹಳಬ ಗ್ರೀಕ್ ಇತಿಹಾಸಕಾರ ಹೆರೊಡೋಟಸ್. ಅವನು ಹೇಳುವ ದೂತ ಫಿಡಿಪ್ಪಿಡೀಸ್ ಓಡಿದ್ದು ಯುದ್ಧಕ್ಕೆ ಮೊದಲು, ಅದೂ ಅಥೆನ್ಸ್‌ನಿಂದ ಸ್ಪಾರ್ಟಾಗೆ, ಸೈನ್ಯ ಕಳಿಸಿ ಎಂದು ಕೇಳಲು. ಸುಮಾರು 240 ಕಿ.ಮೀ. ದಾರಿ, ಮರುದಿನ ತಲುಪಿದ. ಹುಣ್ಣಿಮೆ ಆಗುವ ತನಕ ಹೊರಡುವ ಹಾಗಿಲ್ಲ ಎಂದು ಸ್ಪಾರ್ಟಾದವರು ಕೈಚೆಲ್ಲಿದರು. ಸತ್ತ ಮಾತೇ ಅಲ್ಲಿಲ್ಲ. ಸುದ್ದಿ ಹೇಳಿ ಸತ್ತ ದೂತ ಪ್ಲುಟಾರ್ಕ್ ಎಂಬ ಲೇಖಕನ ಬರಹದಲ್ಲಿ ಕಾಣಿಸಿಕೊಳ್ಳುವುದು ಐನೂರು ವರ್ಷ ಕಳೆದ ಮೇಲೆ, ಅದೂ ಬೇರೆ ಹೆಸರಿನಲ್ಲಿ. ಆ ಸಾವನ್ನು ಫಿಡಿಪ್ಪಿಡೀಸ್‌ನ ತಲೆಗೆ ಕಟ್ಟಿದ್ದು ಪ್ಲುಟಾರ್ಕ್‌ಗೂ ಆಮೇಲೆ ಬಂದ ಲೇಖಕ ಲೂಸಿಯನ್. 1983ರಿಂದ ಸ್ಪಾರ್ಟಾದ ಆ ದಾರಿಯಲ್ಲೇ 246 ಕಿ.ಮೀ.ಗಳ ಸ್ಪಾರ್ಟಥ್ಲಾನ್ ನಡೆಯುತ್ತಿದೆ. ಕೊಟ್ಟಿರುವ 36 ಗಂಟೆಯೊಳಗೆ ಜನ ಓಡಿ ಮುಗಿಸುತ್ತಾರೆ, ಊರಿಗೂ ಮರಳುತ್ತಾರೆ.

ಇಂದಿನ ಮ್ಯಾರಥಾನ್‌ನ ದೂರ 42.195 ಕಿ.ಮೀ. ಎಂಬ ಅಂಕಿಗಂತೂ ಗ್ರೀಸ್‌ನ ನಂಟೇ ಇಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ಗೆ ಈ ಓಟವನ್ನು ಸೂಚಿಸಿದವರು ಫ್ರಾನ್ಸಿನ ಭಾಷಾವಿಜ್ಞಾನಿ ಮಿಶೆಲ್ ಬ್ರೆಯಾಲ್. ಗೆದ್ದ ಸ್ಪಿರಿಡೋನ್ ಲೂಯಿಸ್, ನೀರು ಹೊತ್ತು ಮಾರುತ್ತಿದ್ದವನು, ಓಡಿದ್ದು ಸುಮಾರು 40 ಕಿ.ಮೀ. ಅವನು ತೀರಿಕೊಂಡದ್ದು 1940ರಲ್ಲಿ! 1908ರಲ್ಲಿ ಲಂಡನ್‌ನವರು ವಿಂಡ್ಸರ್ ಅರಮನೆಯಿಂದ ಓಟ ಹೊರಡಿಸಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದೆದುರು ಮುಗಿಸಿದರು. 26 ಮೈಲಿ 385 ಗಜ, ಅಂದರೆ 42.195 ಕಿ.ಮೀ. ಆಯಿತು. ಅದೇ ನಿಯಮವಾದದ್ದು 1921ರಲ್ಲಿ. ಅದಕ್ಕೂ ಹಿಂದಿನ ವರ್ಷ ಆಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ದೂರ 42.75 ಕಿ.ಮೀ. ಇತ್ತು. ಅದನ್ನು 2 ಗಂಟೆ 50 ನಿಮಿಷದಲ್ಲಿ ಓಡಿ 19ನೆಯವರಾಗಿ ಬಂದವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. ಗ್ರೀಕನ ಸಾವು ಎಲ್ಲರಿಗೂ ಬಾಯಿಪಾಠ, ಫಡೆಪ್ಪನವರ ಹೆಸರು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಹೆದರಲೇಬೇಕು ಎಂದಿದ್ದರೆ ನಿಜಕ್ಕೂ ಸತ್ತವನ ಕಥೆ ಕೇಳಿ. 1912ರ ಸ್ಟಾಕ್‌ಹೋಮ್‌ ಒಲಿಂಪಿಕ್ಸ್‌ನ ಉರಿಬಿಸಿಲಿನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜರೊ ದಾರಿಯಲ್ಲಿ ಕುಸಿದು, ಮರುದಿನ ತೀರಿಕೊಂಡ. ಬಿಸಿಲಿಗೆಂದು ಮೈಗೆಲ್ಲ ಜಿಡ್ಡು ಬಳಿದುಕೊಂಡಿದ್ದನಂತೆ. ಬೆವರು ಹೊರಬರಲು ದಾರಿ ಇರಲಿಲ್ಲ. ಕೊಂದದ್ದು ದೂರವಲ್ಲ, ಶಾಖ. ಆದ್ದರಿಂದ ಮಗನನ್ನು ಕೇಳಬೇಕಾದ್ದು ಇಷ್ಟು: ಎಷ್ಟು ತಿಂಗಳಿಂದ ತಯಾರಿ? ಓಡುವಾಗ ಎದೆನೋವು, ಕಣ್ಣುಕತ್ತಲೆ ಬಂದದ್ದುಂಟೇ? ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ಹೋದವರಿದ್ದಾರೆಯೇ? ಇದ್ದರೆ ಮೊದಲು ಹೃದ್ರೋಗ ತಜ್ಞರ ಹತ್ತಿರ ಹೋಗಲಿ. ತಯಾರಿ ನಾಲ್ಕು ತಿಂಗಳಿಗಿಂತ ಕಡಿಮೆ ಎಂದಾದರೆ, ಮುಲಾಜಿಲ್ಲದೆ ಈ ವರ್ಷ ಬೇಡ ಎನ್ನಿ. ಇದು ಅತಿಯಾಯಿತು ಎನ್ನುವ ಕೋಚ್‌ಗಳಿದ್ದಾರೆ, ಅನ್ನಲಿ.

ಪ್ರಶ್ನೆ: ದಣಿವೇ ಆಗದ ಹಾಗೆ ಮಾಡುವ ಪುಡಿಯನ್ನು ಒಬ್ಬ ವೈದ್ಯರು ಕೊಡುತ್ತಾರೆ. ಓಟಕ್ಕೆ ಮೊದಲು ತೆಗೆದುಕೊಳ್ಳಬಹುದೇ?

ಉತ್ತರ: 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಥಾಮಸ್ ಹಿಕ್ಸ್‌ಗೆ ಜೊತೆಯವರು ಓಟದ ನಡುವೆ ಇಂಥದ್ದನ್ನೇ ಕುಡಿಸಿದರು: ಮೊಟ್ಟೆಯ ಬಿಳಿ, ಬ್ರಾಂದಿ, ಸ್ಟ್ರಿಕ್ನಿನ್. ಕೊನೆಯದು ನಮ್ಮ ಕಾಸರಕದ ಬೀಜದಲ್ಲಿರುವ ವಿಷ, ಇಲಿ ಕೊಲ್ಲಲು ಬಳಸುತ್ತಿದ್ದದ್ದು. ಅವನು ಗೆದ್ದ, ನಿಜ. ಆದರೆ ಕೊನೆಕೊನೆಗೆ ಇಬ್ಬರು ಹಿಡಿದುಕೊಂಡು ನಡೆಸಬೇಕಾಯಿತು. ಪೊಟ್ಟಣದ ಮೇಲೆ ಏನೇನು ಹಾಕಿದೆ ಎಂದು ಬರೆಯದ ಪುಡಿಯನ್ನು ಚರಂಡಿಗೆ ಸುರಿಯಿರಿ. ಕೊಟ್ಟವರ ಹತ್ತಿರ ಮತ್ತೆ ಹೋಗಬೇಡಿ.

ಪ್ರಶ್ನೆ: ಇಥಿಯೋಪಿಯಾದ ಅಬೆಬೆ ಬಿಕಿಲಾ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲೇ ಗೆದ್ದರಲ್ಲ, ನಾವೂ ಶೂ ಬಿಡಬಹುದೇ?

ಉತ್ತರ: 1960ರಲ್ಲಿ ರೋಮ್‌ನಲ್ಲಿ ಬರಿಗಾಲು, 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿ ಇನ್ನೂ ಮೂರು ನಿಮಿಷ ಬೇಗ, ಎರಡನೆಯದನ್ನು ಯಾಕೆ ಯಾರೂ ಕೇಳುವುದಿಲ್ಲ?

ಪ್ರಶ್ನೆ: ಹೆಂಗಸರು ಇಷ್ಟು ದೂರ ಓಡಿದರೆ ಗರ್ಭಕೋಶ ಜಾರುತ್ತದೆಯೇ?

ಉತ್ತರ: ಇಲ್ಲ. 1966ರಲ್ಲಿ ಬಾಬಿ ಗಿಬ್ ಎಂಬ ಹೆಣ್ಣುಮಗಳು ನೋಂದಣಿಯಿಲ್ಲದೆಯೇ ಬಾಸ್ಟನ್ ಮ್ಯಾರಥಾನ್ ಓಡಿ ಮುಗಿಸಿದ ದಿನವೇ ಈ ಮಾತು ನಿಲ್ಲಬೇಕಿತ್ತು.