ಪಿಯುಸಿ ಮಕ್ಕಳ ಜೊತೆ ಕುಮಾರ ಪರ್ವತ: ಡಬ್ಬಿಗಿಂತ ಮೊದಲು ಕಾಲು ನೋಡಿ

20 ಪಿಯುಸಿ ಮಕ್ಕಳನ್ನು ಕುಮಾರ ಪರ್ವತಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ, ಫಸ್ಟ್ ಏಡ್ ಡಬ್ಬಿಯಲ್ಲಿ ಏನಿರಬೇಕು ಅಂತ ಕೇಳಿದ್ದೀರಿ. ಡಬ್ಬಿಯ ವಿಷಯಕ್ಕೆ ಬರುತ್ತೇನೆ ಮೇಷ್ಟ್ರೇ. ಮೊದಲು ಒಂದು ಹಿಮ್ಮಡಿಯ ಕಥೆ ಕೇಳಿ.

ಕೆಲವು ವರ್ಷದ ಹಿಂದೆ ಇದೇ ದಾರಿಯಲ್ಲಿ ಕಾಲೇಜು ಮಕ್ಕಳ ಜೊತೆ ಹೋಗಿದ್ದೆ. ಒಬ್ಬ ಹುಡುಗ ಹೊಸ ಶೂ ಹಾಕಿಕೊಂಡು ಬಂದಿದ್ದ. ಕುಕ್ಕೆಯಿಂದ ಹೊರಟ ಒಂದು ಗಂಟೆಗೇ ಹಿಮ್ಮಡಿ ಉರಿಯತೊಡಗಿತ್ತಂತೆ. ಗೆಳೆಯರ ಎದುರು ಹೇಳಲು ನಾಚಿಕೆ. ತುದಿಯವರೆಗೂ ಬಾಯಿ ಬಿಡಲಿಲ್ಲ. ಇಳಿಯುವಾಗ ಹಿಮ್ಮಡಿ ಊರಲಾಗದೆ ಸೊಟ್ಟಗೆ ಹೆಜ್ಜೆ ಇಟ್ಟ, ಸಡಿಲ ಕಲ್ಲಿನ ಮೇಲೆ ಕಾಲು ಉಳುಕಿತು. ಶೂ ಬಿಚ್ಚಿದರೆ ಕಾಲುಚೀಲ ರಕ್ತದಲ್ಲಿ ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ, ಮೆಲ್ಲಗೆ ಬಿಡಿಸಿದೆ. ಇಬ್ಬರ ಹೆಗಲ ಮೇಲೆ ಕೈ ಹಾಕಿಸಿ ದಾರಿ ನಡುವೆ ಸಿಗುವ ಭಟ್ಟರ ಮನೆ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಬೆಳಿಗ್ಗೆ ನಾನು ಕೇಳಿ ಒಂದು ತುಂಡು ಮೆಡಿಕಲ್ ಟೇಪ್ ಅಂಟಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅದು ನನ್ನ ತಪ್ಪು.

ಅಂದಿನಿಂದ ಹೊರಟ ಮುಕ್ಕಾಲು ಗಂಟೆಗೆ ಎಲ್ಲರನ್ನೂ ಕೂರಿಸುತ್ತೇನೆ. ಮೊದಲು ನಾನೇ ಶೂ ಬಿಚ್ಚುತ್ತೇನೆ, ಆಮೇಲೆ ಎಲ್ಲರೂ. ಎಲ್ಲರೂ ಬಿಚ್ಚಿದಾಗ ಯಾರಿಗೂ ನಾಚಿಕೆ ಇರುವುದಿಲ್ಲ. ಕೆಂಪಾದ ಕಡೆ ಒರೆಸಿ, ಒಣಗಿಸಿ, ಸುಕ್ಕಿಲ್ಲದಂತೆ ಟೇಪ್ ಹಾಕಬೇಕು. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ಮೇಲೆ ಪಟ್ಟಿ ಹಾಕಿ ಮುಚ್ಚಿ.

ಈ ಬೆಟ್ಟ 1712 ಮೀಟರ್. ಕುಕ್ಕೆ ಕಡೆಯಿಂದ ಒಂದೂವರೆ ಸಾವಿರ ಮೀಟರಿಗೂ ಜಾಸ್ತಿ ಏರು. ಭಟ್ಟರ ಮನೆ ದಾಟಿದ ಮೇಲೆ ಬಹಳ ದೂರ ಬರೀ ಹುಲ್ಲುಗಾವಲು, ನೆರಳಿಲ್ಲ. ಮಕ್ಕಳು ಹತ್ತುವಾಗ ದಣಿಯುತ್ತಾರೆ, ಇಳಿಯುವಾಗ ಬೀಳುತ್ತಾರೆ. ಹಾಗಾಗಿ ಇಷ್ಟು ಹೊತ್ತಾದರೆ ಎಲ್ಲಿದ್ದರೂ ವಾಪಸ್ ಅಂತ ಮೊದಲೇ ಹೇಳಿಬಿಡಿ. ಇಳಿಯುವಾಗ ಓಡಲು ಬಿಡಬೇಡಿ. ಡಬ್ಬಿ ಸಾಲಿನ ಕೊನೆಯಲ್ಲಿ ಬರುವ ದೊಡ್ಡವರ ಹತ್ತಿರ ಇರಲಿ. ಕಾಲು ನೋಯುವ ಮಗು ಹಿಂದೆಯೇ ಉಳಿಯುವುದು, ಅಲ್ವಾ?

ಡಬ್ಬಿಯಲ್ಲಿ ಟೇಪ್, ಗಾಜ್, ಕತ್ತರಿ, ಕೈಗವಸು, ಬೆಟಾಡಿನ್, ಪ್ಯಾರಾಸಿಟಮಾಲ್ ಇರಲಿ. ಕ್ರೇಪ್ ಬ್ಯಾಂಡೇಜ್ ಮೂರಾದರೂ ಬೇಕು. ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವಬೇಡಿ, ಬ್ಯಾಂಡೇಜ್ ಸುತ್ತಿ ಕಾಲು ಎತ್ತರಿಸಿ ಕೂರಿಸಿ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಸುಮ್ನೆ ಅಂದಾಜಿಗೆ ಕಲಸಬಾರದು. ಯಾರಿಗೆ ಆಸ್ತಮಾ, ಯಾರಿಗೆ ಅಲರ್ಜಿ ಅಂತ ಮನೆಯವರಿಂದ ಬರೆಸಿಕೊಳ್ಳಿ. ಇನ್ಹೇಲರ್ ಆ ಮಗುವಿನ ಜೇಬಿನಲ್ಲೇ ಇರಬೇಕು, ಬಸ್ಸಿನಲ್ಲಿ ಬಿಟ್ಟ ಬ್ಯಾಗಿನಲ್ಲಲ್ಲ.

ಮಳೆಗಾಲದ ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಬೇಡಿ. ಉಗುರಿನಿಂದ ಸರಿಸಿದರೆ ಬಿಡುತ್ತದೆ, ರಕ್ತ ಸ್ವಲ್ಪ ಹೊತ್ತು ಸೋರಿ ನಿಲ್ಲುತ್ತದೆ. ಹೆದರಬೇಕಾದ್ದು ಹೆಜ್ಜೇನಿಗೆ. ಗೂಡಿನ ಹತ್ತಿರ ಹೊಗೆ, ಕಲ್ಲು, ಕೂಗಾಟ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಬೇಕು, ನಿಂತು ಕೈ ಬೀಸಬಾರದು. ಕಚ್ಚಿಸಿಕೊಂಡವರಿಗೆ ಮುಖ, ತುಟಿ ಊದಿಕೊಂಡು ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಸಾಗಿಸಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಕಡಗ ತೆಗೆಯಿರಿ. ಕೈಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ಇಳಿಸಿ. ದಾರಿಯಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ. 108ಕ್ಕೆ ಕರೆ ಮಾಡಲು ಕೆಳಗೆ ಓಡುವ ಇಬ್ಬರು ಯಾರು ಅಂತ ಬೆಳಿಗ್ಗೆಯೇ ಗೊತ್ತುಮಾಡಿ. ಕುಕ್ಕೆಯಲ್ಲಿ ಒಂದು ವಾಹನ, ಡ್ರೈವರ್ ಸಮೇತ ಕಾದಿರಲಿ.

ಹೊರಡುವ ಮುಂಚಿನ ಭಾನುವಾರ ಅದೇ ಶೂ, ಅದೇ ಬ್ಯಾಗಿನಲ್ಲಿ ಎಲ್ಲರನ್ನೂ ಏಳೆಂಟು ಕಿಲೋಮೀಟರ್ ನಡೆಸಿ. ಅವತ್ತು ಯಾರ ಹಿಮ್ಮಡಿ ಉರಿಯಿತು ಅಂತ ಬರೆದಿಟ್ಟುಕೊಳ್ಳಿ.