ಸಂಪಾದಕರ ಉತ್ತರ: 27 ಸೋಲುಗಳ ಲೆಕ್ಕ

ವಿರಾಜಪೇಟೆ ಸಮೀಪದ ನಿವೃತ್ತ ಶಿಕ್ಷಕರೊಬ್ಬರು ನಮಗೆ ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ನಿವೃತ್ತಿಯಾದಾಗ ನಾವು ಪ್ರಕಟಿಸಿದ ಲೇಖನದಲ್ಲಿ, ದೇಶಗಳ ತಂಡಗಳು ಆಡುವ ಟೆನಿಸ್ ಟೂರ್ನಿಯಾದ ಡೇವಿಸ್ ಕಪ್ಪಿಗೆ ಬೇಡದಷ್ಟು ಜಾಗ ಕೊಟ್ಟಿದ್ದೇವೆ ಎಂಬುದು ಅವರ ತಕರಾರು. ಪತ್ರದ ಮುಖ್ಯ ಭಾಗ ಇಷ್ಟು:

“ದೇಶದ ಪರವಾಗಿ 50 ಪಂದ್ಯ ಆಡಿ 23 ಗೆದ್ದಿದ್ದಾರೆ, 27 ಸೋತಿದ್ದಾರೆ. ನೂರಕ್ಕೆ 46 ಅಂಕ ತೆಗೆದ ಹುಡುಗನಿಗೆ ನಾನು ಹಾರ ಹಾಕಿದವನಲ್ಲ. ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದನ್ನು ಹೊಗಳಿ, ಒಪ್ಪುತ್ತೇನೆ. ಈ ಡೇವಿಸ್ ಕಪ್ಪನ್ನು ಭಾರತ ಒಮ್ಮೆಯೂ ಗೆದ್ದಿಲ್ಲ. 1974ರಲ್ಲಿ ಫೈನಲ್ ತಲುಪಿಯೂ ಆಡದೆ ಬಿಟ್ಟುಕೊಟ್ಟರಂತೆ. ಈಗ ಅದರ ನಿಯಮಗಳನ್ನು ಒಬ್ಬ ಫುಟ್‌ಬಾಲ್ ಆಟಗಾರ ಬಂದು ಕೆಡಿಸಿದನಂತೆ. ಇಂಥ ಕಪ್ಪಿಗೆ ನಮ್ಮ ಊರಿನ ಪತ್ರಿಕೆಯಲ್ಲಿ ಎರಡು ಪುಟವೇ?”

ಕೊನೆಯಲ್ಲಿ ಒಂದು ಮನೆಯ ವಿಷಯವೂ ಇದೆ. ಹನ್ನೊಂದು ವರ್ಷದ ಮೊಮ್ಮಗ ಟೆನಿಸ್ ಎನ್ನುತ್ತಿದ್ದಾನೆ, ಮನೆಯ ಉಳಿದವರೆಲ್ಲ ಹಾಕಿ ಎನ್ನುತ್ತಿದ್ದಾರೆ, ಏನು ಮಾಡುವುದು ಎಂದು ಕೇಳಿದ್ದಾರೆ.

ಮಾನ್ಯ ಮೇಷ್ಟ್ರೇ,

ನಿಮ್ಮ ಅಂಕಿಗಳು ಸರಿಯಾಗಿವೆ. ಅವುಗಳಿಂದ ನೀವು ತೆಗೆದ ತೀರ್ಪನ್ನು ಮಾತ್ರ ನಾನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಹುಡುಗ ತನ್ನ ಪ್ರಶ್ನೆಪತ್ರಿಕೆಗೆ ತಾನೇ ಉತ್ತರ ಬರೆಯುತ್ತಾನೆ. ಡೇವಿಸ್ ಕಪ್ಪಿನಲ್ಲಿ ಯಾರು ಯಾವುದಕ್ಕೆ ಕೂರಬೇಕೆಂದು ನಾಯಕ ಹೇಳುತ್ತಾನೆ, ಆ ನಾಯಕನೂ ಆಡುವವನಲ್ಲ, ಅಂಕಣದ ಪಕ್ಕದ ಕುರ್ಚಿಯಲ್ಲಿ ಕೂತವನು. ಕನ್ನಡ ಚೆನ್ನಾಗಿ ಬರುವವನನ್ನು ಗಣಿತಕ್ಕೆ ಕೂರಿಸುವ ಸಂದರ್ಭಗಳು ಅಲ್ಲಿ ಬೇಕಾದಷ್ಟು.

ಬೋಪಣ್ಣ ಡಬಲ್ಸ್ ಆಟಗಾರ. ಅವರ 23 ಗೆಲುವುಗಳಲ್ಲಿ 13 ಡಬಲ್ಸ್‌ನಲ್ಲಿ ಬಂದವು. ಸೋಲುಗಳಲ್ಲಿ ಹೆಚ್ಚಿನವು ಸಿಂಗಲ್ಸ್‌ನವು. 2002ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಸಲ ದೇಶಕ್ಕೆ ಆಡಿದಾಗಿನಿಂದ ಎಷ್ಟೋ ವರ್ಷ ಭಾರತಕ್ಕೆ ಸಿಂಗಲ್ಸ್‌ನಲ್ಲಿ ಎರಡನೆಯ ಆಟಗಾರ ಗಟ್ಟಿಯಾಗಿ ಇರಲಿಲ್ಲ. ಡಬಲ್ಸ್‌ಗೆ ಲಿಯಾಂಡರ್ ಪೇಸ್ ಮತ್ತು ಮಹೇಶ್ ಭೂಪತಿ ಇದ್ದರು. ಹಾಗಾಗಿ ಖಾಲಿ ಉಳಿದ ಜಾಗಕ್ಕೆ, ತಮ್ಮದಲ್ಲದ ಆಟಕ್ಕೆ, ಬೋಪಣ್ಣ ಇಳಿಯಬೇಕಾಯಿತು.

2010ರ ಸೆಪ್ಟೆಂಬರ್ ತಿಂಗಳನ್ನು ನೋಡಿ. ಆ ತಿಂಗಳು ನ್ಯೂಯಾರ್ಕಿನಲ್ಲಿ ಬೋಪಣ್ಣ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಜೊತೆಗೂಡಿ ಅಮೆರಿಕ ಓಪನ್ ಡಬಲ್ಸ್ ಫೈನಲ್ ಆಡಿದರು. ಎರಡೂ ದೇಶಗಳ ವಿಶ್ವಸಂಸ್ಥೆ ರಾಯಭಾರಿಗಳು ಅಕ್ಕಪಕ್ಕ ಕೂತು ನೋಡಿದ ಪಂದ್ಯ ಅದು. ಬ್ರಯಾನ್ ಸಹೋದರರ ಎದುರು ಸೋತರು. ಅದಾದ ಕೆಲವೇ ದಿನಗಳಲ್ಲಿ ಚೆನ್ನೈಯಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್ ವಿಶ್ವ ಗುಂಪಿನ, ಅಂದರೆ ಆಗಿನ ಅತಿ ಮೇಲಿನ ದರ್ಜೆಯ, ಪ್ಲೇ ಆಫ್. ಆಗ ಮೂರು ದಿನಗಳಲ್ಲಿ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್, ಒಟ್ಟು ಐದು ಪಂದ್ಯ; ಮೂರು ಗೆದ್ದ ದೇಶಕ್ಕೆ ಜಯ. ಡಬಲ್ಸ್‌ನಲ್ಲಿ ಪೇಸ್ ಮತ್ತು ಭೂಪತಿ, ಸಿಂಗಲ್ಸ್‌ನಲ್ಲಿ ಸೋಮದೇವ್ ದೇವವರ್ಮನ್ ಮತ್ತು ನಮ್ಮ ಡಬಲ್ಸ್ ಆಟಗಾರ. ಮೊದಲ ದಿನ ಬೋಪಣ್ಣ ತೋಮಸ್ ಬೆಲ್ಲುಚಿಗೆ ಐದು ಸೆಟ್‌ಗಳ ಸುದೀರ್ಘ ಆಟದಲ್ಲಿ ಸೋತರು. ಸೋಮದೇವ್ ಕೂಡ ಸೋತರು. ಭಾರತ 0–2ರಿಂದ ಹಿಂದೆ. ಎರಡನೆಯ ದಿನ ಪೇಸ್, ಭೂಪತಿ ಗೆದ್ದು ಜೀವ ಉಳಿಸಿದರು. ಮೂರನೆಯ ದಿನ ಬೆಲ್ಲುಚಿ ಆಟದ ನಡುವೆಯೇ ಹಿಂದೆ ಸರಿದದ್ದರಿಂದ ಸೋಮದೇವ್ ಗೆದ್ದು 2–2 ಆಯಿತು. ಐದನೆಯ ಪಂದ್ಯಕ್ಕೆ ಬೋಪಣ್ಣ ಇಳಿದರು. ರಿಕಾರ್ಡೊ ಮೆಲೊ ಅವರನ್ನು ನೇರ ಸೆಟ್‌ಗಳಿಂದ ಸೋಲಿಸಿದರು. ಭಾರತ 3–2ರಿಂದ ಗೆದ್ದು ವಿಶ್ವ ಗುಂಪಿನಲ್ಲಿ ಉಳಿಯಿತು.

ನಿಮ್ಮ ಅಂಕಪಟ್ಟಿಯಲ್ಲಿ ಆ ಮೂರು ದಿನಗಳಿಗೆ ಒಂದು ಗೆಲುವು, ಒಂದು ಸೋಲು ಎಂದಷ್ಟೇ ಇದೆ. ನೂರಕ್ಕೆ ಐವತ್ತು. ಹಾರ ಹಾಕುವುದಿಲ್ಲವೇ?

ಇದು ಕೊಡಗಿನವರಿಗೆ ಅರ್ಥವಾಗದ ಸಂಗತಿಯೇನಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು 60 ತಂಡಗಳೊಂದಿಗೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವ 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ಹೊತ್ತಿಗೆ 396 ತಂಡಗಳಿಗೆ ಬೆಳೆಯಿತು. ವರ್ಷವಿಡೀ ಯಾವುದೋ ಬ್ಯಾಂಕಿಗೋ ರೈಲ್ವೆಗೋ ಸೇನೆಗೋ ಆಡುವ ಆಟಗಾರ ಏಪ್ರಿಲ್ ಬಂದರೆ ಒಕ್ಕದ, ಅಂದರೆ ತನ್ನ ಮನೆತನದ, ಜೆರ್ಸಿ ತೊಡುತ್ತಾನೆ. ಒಳ್ಳೆಯ ಫಾರ್ವರ್ಡ್ ಆದವನು ಚಿಕ್ಕಪ್ಪನ ಮಂಡಿ ನೋವಿನಿಂದಾಗಿ ಡಿಫೆನ್ಸ್‌ನಲ್ಲಿ ನಿಲ್ಲುತ್ತಾನೆ. ಗೋಲ್‌ಕೀಪರ್ ಸಿಗದಿದ್ದರೆ ಪ್ಯಾಡ್ ಕಟ್ಟಿಕೊಳ್ಳುವವರೂ ಇದ್ದಾರೆ. ಆಮೇಲೆ ಅವನು ಎಷ್ಟು ಗೋಲು ಹೊಡೆದ ಎಂದು ಲೆಕ್ಕ ಹಾಕಿ ಯಾರೂ ಮರ್ಯಾದೆ ಅಳೆಯುವುದಿಲ್ಲ. ಟೆನಿಸ್ ಆಟಗಾರನ ಬದುಕು ವರ್ಷದ ಹೆಚ್ಚಿನ ವಾರ ತನಗಾಗಿ, ತನ್ನ ರ‍್ಯಾಂಕಿಂಗಿಗಾಗಿ, ತನ್ನ ಖರ್ಚಿನಲ್ಲಿ ನಡೆಯುತ್ತದೆ. ಕೆಲವೇ ವಾರ ದೇಶದ ಜೆರ್ಸಿ. ಆ ಕೆಲವು ವಾರಗಳನ್ನೇ ಡೇವಿಸ್ ಕಪ್ ಎನ್ನುತ್ತಾರೆ.

ಕಪ್ಪಿನ ಇತಿಹಾಸವನ್ನು ಹೆಚ್ಚು ಎಳೆಯುವುದಿಲ್ಲ. 1900ರಲ್ಲಿ ಹಾರ್ವರ್ಡ್‌ನ ಡ್ವೈಟ್ ಡೇವಿಸ್ ಎಂಬ ಶ್ರೀಮಂತ ಯುವಕ ಬೆಳ್ಳಿಯ ಬಟ್ಟಲೊಂದನ್ನು ಮಾಡಿಸಿ ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವೆ ಬಾಸ್ಟನ್ನಿನಲ್ಲಿ ಪಂದ್ಯ ಏರ್ಪಡಿಸಿದ. ತಾನೂ ಆಡಿದ, ಗೆದ್ದ. ಗೆದ್ದವರ ಹೆಸರು ಕೆತ್ತಲು ಬಟ್ಟಲಿನಲ್ಲಿ ಜಾಗ ಸಾಲದೆ ಆಮೇಲೆ ಕೆಳಗೆ ಪೀಠಗಳನ್ನು ಜೋಡಿಸಿದರು. ಭಾರತ 1921ರಲ್ಲಿ ಮೊದಲ ಸಲ ಇಳಿಯಿತು, ಇಳಿದ ವರ್ಷವೇ ಫ್ರಾನ್ಸನ್ನು ಸೋಲಿಸಿತು.

ಭಾರತ ಏಕೆ ಗೆಲ್ಲಲಿಲ್ಲ ಎಂಬ ಪ್ರಶ್ನೆಗೆ ಒಂದು ಉತ್ತರ ಹಳೆಯ ನಿಯಮದಲ್ಲೇ ಇದೆ. 1971ರವರೆಗೆ ಹಿಂದಿನ ವರ್ಷ ಗೆದ್ದ ದೇಶ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿತ್ತು. ಉಳಿದವರೆಲ್ಲ ಸುತ್ತಿನ ಮೇಲೆ ಸುತ್ತು ಆಡಿ, ಒಬ್ಬರು ಉಳಿದು, ಅವರ ಮನೆಗೇ ಹೋಗಿ ಸವಾಲು ಹಾಕಬೇಕು. 1973ರವರೆಗೂ ಈ ಕಪ್ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಆಸ್ಟ್ರೇಲಿಯಾ ಬಿಟ್ಟು ಬೇರೆಡೆಗೆ ಹೋಗದೇ ಇದ್ದುದರಲ್ಲಿ ಈ ನಿಯಮದ ಪಾಲು ದೊಡ್ಡದು. 1966ರಲ್ಲಿ ಭಾರತ ಆ ಗೋಡೆಯನ್ನೂ ಹತ್ತಿತು. ಕಲ್ಕತ್ತಾದಲ್ಲಿ ಬ್ರೆಜಿಲ್ ವಿರುದ್ಧ 2–2 ಆಗಿದ್ದಾಗ ರಾಮನಾಥನ್ ಕೃಷ್ಣನ್ ಎರಡು ಸೆಟ್‌ಗೆ ಒಂದು ಸೆಟ್ ಹಿಂದಿದ್ದು, ನಾಲ್ಕನೆಯದರಲ್ಲಿ 2–5ರಲ್ಲಿದ್ದು, ತೋಮಸ್ ಕಾಕ್ ಅವರನ್ನು ಮಣಿಸಿದರು. ಅಲ್ಲಿಂದ ಮೆಲ್ಬರ್ನ್. ಆಸ್ಟ್ರೇಲಿಯಾ 4–1ರಿಂದ ಗೆದ್ದಿತು. ಭಾರತದ ಆ ಒಂದು ಗೆಲುವು ಯಾವುದು ಗೊತ್ತೇ? ಡಬಲ್ಸ್. ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಸೋಲಿಸಿದ್ದು ಜಾನ್ ನ್ಯೂಕೊಂಬ್, ಟೋನಿ ರೋಚ್ ಎಂಬ ಹೆಸರಾಂತ ಜೋಡಿಯನ್ನು. ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಗತಿಯಿಲ್ಲದವರ ಆಟ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಇಷ್ಟು ಸಾಕು.

1974ರ ವಿಷಯದಲ್ಲಿ ನಿಮ್ಮೊಂದಿಗೆ ರಾಜಿ ಸಾಧ್ಯವಿಲ್ಲ. ಫೈನಲ್‌ನಲ್ಲಿ ಎದುರಿಗಿದ್ದದ್ದು ದಕ್ಷಿಣ ಆಫ್ರಿಕಾ. ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಬೇರೆ ಬೇರೆ ಬೀದಿಗೆ, ಬೇರೆ ಬೇರೆ ಬೆಂಚಿಗೆ ಅಟ್ಟುತ್ತಿದ್ದ ಸರ್ಕಾರದ ತಂಡ. ಭಾರತ ಆಡಲು ನಿರಾಕರಿಸಿತು, ಒಂದು ಚೆಂಡೂ ಪುಟಿಯದೆ ಕಪ್ ಅವರ ಪಾಲಾಯಿತು. ಬಿಟ್ಟದ್ದು ಸರಿ. ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರು ಉಚ್ಛ್ರಾಯದಲ್ಲಿದ್ದ ವರ್ಷ ಅದು, ಅವರಿಗೆ ಎಷ್ಟು ಸಂಕಟವಾಗಿರಬೇಕು ಎಂಬುದು ಬೇರೆ ಮಾತು. 1987ರಲ್ಲಿ ಮತ್ತೊಮ್ಮೆ ಫೈನಲ್. ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ನಿನವರು ಒಳಾಂಗಣದಲ್ಲಿ ನಮ್ಮವರಿಗೆ ಒಗ್ಗದ ಆವೆಮಣ್ಣು ಹಾಸಿ ಕಾದಿದ್ದರು. 0–5. ಹೇಳುವಂಥದ್ದೇನೂ ಇಲ್ಲ.

ಆವೆಮಣ್ಣು ಹಾಸಿದ್ದು ಮೋಸವಲ್ಲ. ಯಾರ ಮನೆಯಲ್ಲಿ ಪಂದ್ಯವೋ ಅವರೇ ಅಂಕಣ ಆರಿಸಿಕೊಳ್ಳುವುದು ಇಲ್ಲಿನ ಪದ್ಧತಿ. ಭಾರತವೂ ಮಾಡಿದೆ. 2022ರಲ್ಲಿ ಡೆನ್ಮಾರ್ಕ್ ಬಂದಾಗ ದೆಹಲಿ ಜಿಮ್‌ಖಾನಾದ ಹುಲ್ಲಿನ ಅಂಕಣಕ್ಕೆ ಕರೆದೊಯ್ದು 4–0ಯಿಂದ ಕಳಿಸಿಕೊಟ್ಟರು. ಇದರಲ್ಲೇ ಈ ಕಪ್ಪಿನ ರುಚಿ ಇದೆ ಎಂದು ನನ್ನ ಅಭಿಪ್ರಾಯ. ವಿಂಬಲ್ಡನ್ನಿಗೆ ಜಗತ್ತು ಹೋಗುತ್ತದೆ, ಡೇವಿಸ್ ಕಪ್ ಮಾತ್ರ ನಿಮ್ಮ ಊರಿಗೆ ಬರುತ್ತದೆ.

ಈಗ ಆ ಫುಟ್‌ಬಾಲ್ ಆಟಗಾರನ ವಿಷಯ. ಆತ ಬಾರ್ಸಿಲೋನಾದ ಜೆರಾರ್ಡ್ ಪಿಕೆ. ಅವರ ಕೋಸ್ಮೋಸ್ ಕಂಪನಿ 25 ವರ್ಷಗಳಲ್ಲಿ 300 ಕೋಟಿ ಡಾಲರ್ ಹೂಡುವ ಮಾತು ಕೊಟ್ಟಿತು. 2018ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಒಪ್ಪಿತು. ಅದರಂತೆ 2019ರಲ್ಲಿ 18 ದೇಶಗಳನ್ನು ಮ್ಯಾಡ್ರಿಡ್‌ನಲ್ಲಿ ಒಂದೇ ವಾರ ಕೂಡಿ ಹಾಕಿ ಕಪ್ ಮುಗಿಸಿದರು. ಅಲ್ಲಿ ಐದು ಪಂದ್ಯಗಳ ಬದಲು ಮೂರು, ಐದು ಸೆಟ್ ಬದಲು ಮೂರು. ಇಪ್ಪತ್ತೈದು ವರ್ಷದ ಒಪ್ಪಂದ 2023ರ ಜನವರಿಯಲ್ಲೇ ಮುರಿದುಬಿತ್ತು. ಹಣದವರು ಹೋದರು, ಸೆಟ್‌ಗಳು ಮರಳಿ ಬರಲಿಲ್ಲ.

ಲೆಕ್ಕದ ಪ್ರಕಾರ ಹೊಸ ಪದ್ಧತಿ ಡಬಲ್ಸ್ ಆಟಗಾರರಿಗೆ ಲಾಭ. ಕೊನೆಯ ಘಟ್ಟದಲ್ಲಿ ಐದರಲ್ಲಿ ಒಂದಾಗಿದ್ದದ್ದು ಮೂರರಲ್ಲಿ ಒಂದಾಯಿತು. ಆದರೂ ನಾನು ಹಳೆಯದರ ಪಕ್ಷ. ಕಾರಣ 2014ರ ಬೆಂಗಳೂರು. ಸೆರ್ಬಿಯಾ ವಿರುದ್ಧ ಕಬ್ಬನ್ ಪಾರ್ಕಿನ ಕ್ರೀಡಾಂಗಣದಲ್ಲಿ ಮೊದಲ ದಿನ 0–2. ಎರಡನೆಯ ದಿನ ಪೇಸ್ ಮತ್ತು ಬೋಪಣ್ಣ ಜೋಡಿ ನೆನಾದ್ ಜಿಮೊಂಜಿಕ್, ಇಲಿಯಾ ಬೊಜೊಲ್ಯಾಕ್ ಎದುರು 1–6, 6–7ರಿಂದ ಎರಡು ಸೆಟ್ ಕಳೆದುಕೊಂಡರು. ಈಗಿನ ನಿಯಮದಲ್ಲಿ ಅಲ್ಲಿಗೆ ಕೈಕುಲುಕಿ ಮನೆಗೆ ಹೋಗಬೇಕು. ಅವರು 6–3, 6–3, 8–6ರಿಂದ ಗೆದ್ದರು. ಮರುದಿನ ಸೋಮದೇವ್ ಕೂಡ ಐದು ಸೆಟ್ ಆಡಿ ದುಸಾನ್ ಲಾಯೊವಿಕ್ ಅವರನ್ನು ಸೋಲಿಸಿ 2–2 ಮಾಡಿದರು. ಕೊನೆಯ ಪಂದ್ಯ ಮಳೆಯಿಂದ ಸೋಮವಾರಕ್ಕೆ ಹೋಯಿತು, ಯೂಕಿ ಭಾಂಬ್ರಿ ಸೋತರು, ಭಾರತವೂ ಸೋತಿತು. ಐದು ಸೆಟ್‌ಗಳೆಂದರೆ ಬರೀ ಉದ್ದವಲ್ಲ, ಸೋತವನು ಯೋಚಿಸಿ ಮತ್ತೆ ಎದ್ದು ಬರಲು ಬೇಕಾದ ಸಮಯ. ಅದನ್ನು ಟಿವಿಯವರ ಅನುಕೂಲಕ್ಕೆ ಕತ್ತರಿಸಿದರು.

ಎಲ್ಲವೂ ಕೆಟ್ಟಿತು ಎನ್ನುವುದೂ ಅತಿಯಾಗುತ್ತದೆ. ಅರ್ಹತಾ ಸುತ್ತುಗಳು ಮತ್ತೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಆಡುವಂತೆ ನಡೆಯುತ್ತಿವೆ, ಅಲ್ಲಿ ಐದು ಪಂದ್ಯಗಳ ಲೆಕ್ಕವೂ ಉಳಿದಿದೆ, ಕೊನೆಯ ಎಂಟು ತಂಡಗಳು ಮಾತ್ರ ಒಂದೆಡೆ ಸೇರುತ್ತವೆ. 2025ರಲ್ಲಿ ಬೊಲೋನ್ಯಾದಲ್ಲಿ ಸೇರಿದಾಗ ಇಟಲಿ ಸತತ ಮೂರನೆಯ ಸಲ ಗೆದ್ದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಭಾರತ ಸ್ವಿಟ್ಜರ್‌ಲೆಂಡಿಗೆ ಹೋಗಿ ಅವರನ್ನು 3–1ರಿಂದ ಸೋಲಿಸಿ ಬಂದಿದೆ. ಯುರೋಪಿನ ತಂಡವೊಂದನ್ನು ಅದರ ನೆಲದಲ್ಲೇ ಹಾಗೆ ಸೋಲಿಸಿದ್ದು 1993ರಲ್ಲಿ ಫ್ರಾನ್ಸ್ ವಿರುದ್ಧ ಪೇಸ್ ಮತ್ತು ರಮೇಶ್ ಕೃಷ್ಣನ್ ಗೆದ್ದ ಮೇಲೆ ಇದೇ ಮೊದಲು. ಆ ಸುದ್ದಿಗೆ ನಮ್ಮ ಪತ್ರಿಕೆಗಳೆಲ್ಲ ಸೇರಿ ಎಷ್ಟು ಜಾಗ ಕೊಟ್ಟವು ಎಂದು ನೀವು ಅಳತೆಪಟ್ಟಿ ಹಿಡಿದು ನೋಡಬಹುದು.

ಬೋಪಣ್ಣ ಕೊನೆಯದಾಗಿ ದೇಶಕ್ಕೆ ಆಡಿದ್ದು 2023ರ ಸೆಪ್ಟೆಂಬರ್‌ನಲ್ಲಿ, ಲಖನೌದಲ್ಲಿ, ಮೊರಾಕ್ಕೊ ವಿರುದ್ಧ. ‘ವಿಶ್ವ ಗುಂಪು 2’ ಎಂಬ ಕೆಳಗಿನ ದರ್ಜೆಯ ಪಂದ್ಯ. ಆ ಸಲವೂ ಅಮೆರಿಕ ಓಪನ್ ಡಬಲ್ಸ್ ಫೈನಲ್ ಆಡಿ ಕೆಲವೇ ದಿನಗಳಾಗಿದ್ದವು, ಜೊತೆಗಾರ ಮ್ಯಾಥ್ಯೂ ಎಬ್ಡನ್. ವಯಸ್ಸು 43. ಬರದೆ ಇದ್ದಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಯೂಕಿ ಜೊತೆಗೂಡಿ 6–2, 6–1ರಿಂದ ಗೆದ್ದರು. ಆ ಗೆಲುವಿನಿಂದ ವಿಶ್ವ ರ‍್ಯಾಂಕಿಂಗಿನಲ್ಲಿ ಅವರಿಗೆ ಏನೂ ದಕ್ಕಲಿಲ್ಲ. ಮುಂದಿನ ಜನವರಿಯಲ್ಲಿ ಎಬ್ಡನ್ ಜೊತೆ ಆಸ್ಟ್ರೇಲಿಯಾ ಓಪನ್ ಗೆದ್ದು ವಿಶ್ವದ ಮೊದಲ ಸ್ಥಾನಕ್ಕೇರಿದ್ದು ನಿಮಗೆ ಗೊತ್ತಿದೆ. ಅದನ್ನು ನೀವು ಹೊಗಳಲು ಅನುಮತಿ ಕೊಟ್ಟಿದ್ದೀರಿ, ಧನ್ಯವಾದ.

ಕೊನೆಗೆ ಮೊಮ್ಮಗ. ಕೊಡಗಿನಲ್ಲಿ ಟೆನಿಸ್ ಕಷ್ಟ ಎಂಬ ಮಾತು ನಿಜ. ಇಲ್ಲಿ ಅದು ಬೆಳೆದದ್ದು ತೋಟದವರ ಕ್ಲಬ್ಬುಗಳಲ್ಲಿ. ಹಾಕಿಗೆ ಬಯಲು ಮತ್ತು ಸ್ಟಿಕ್ ಇದ್ದರೆ ಆರಂಭಿಸಬಹುದು, ಇದಕ್ಕೆ ಅಂಕಣ ಬೇಕು, ಬಲೆ ಬೇಕು, ವಾರಕ್ಕೊಮ್ಮೆ ಹೊಸ ಚೆಂಡು ಬೇಕು, ಹೇಳಿಕೊಡುವವರು ಬೇಕು. ಕಕ್ಕಡ ತಿಂಗಳ ಜಡಿಮಳೆಗೆ ಹೊರಗಿನ ಅಂಕಣ ಪಾಚಿ ಕಟ್ಟುತ್ತದೆ. ಹುಡುಗ ಮುಂದುವರಿದರೆ ಹದಿನಾಲ್ಕರ ಹೊತ್ತಿಗೆ ಬೆಂಗಳೂರಿಗೋ ಮೈಸೂರಿಗೋ ಕಳಿಸುವ ಪ್ರಶ್ನೆ ಬರುತ್ತದೆ, ಖರ್ಚಿನ ಪ್ರಶ್ನೆಯೂ ಬರುತ್ತದೆ. ಬೋಪಣ್ಣ ತಮ್ಮ ವಿದಾಯದ ಹೇಳಿಕೆಯಲ್ಲಿ ಸರ್ವಿಸ್‌ಗೆ ಬಲ ಬರಲೆಂದು ಕಟ್ಟಿಗೆ ಸೀಳಿದ್ದನ್ನು, ಕಾಫಿ ತೋಟದಲ್ಲಿ ಓಡಿದ್ದನ್ನು ನೆನೆದಿದ್ದಾರೆ. ಅದನ್ನು ಓದಿ ನಾಳೆಯೇ ಹುಡುಗನ ಕೈಗೆ ಕೊಡಲಿ ಕೊಡಬೇಡಿ. ಹನ್ನೊಂದು ವರ್ಷಕ್ಕೆ ಗೋಡೆಗೆ ಚೆಂಡು ಹೊಡೆಯುವುದು ಸಾಕು, ಮಳೆಗಾಲದಲ್ಲಿ ಕಾಫಿ ಶೆಡ್ಡು ಖಾಲಿ ಇದ್ದರೆ ಅದರ ಗೋಡೆಯೂ ಆಗುತ್ತದೆ. ಹಾಕಿ ಸ್ಟಿಕ್ ಕಿತ್ತುಕೊಳ್ಳುವ ಅಗತ್ಯವಿಲ್ಲ. ಕಾಲು, ಕಣ್ಣು, ಮಣಿಕಟ್ಟು ಎರಡಕ್ಕೂ ಬೇಕು. ಎರಡೂ ಆಡಲಿ, ಹದಿಮೂರಕ್ಕೆ ಅವನೇ ಒಂದನ್ನು ಬಿಡುತ್ತಾನೆ. ಅಲ್ಲಿಯವರೆಗೆ ಏಪ್ರಿಲ್‌ನಲ್ಲಿ ಒಕ್ಕದ ತಂಡಕ್ಕೂ ಟೆನಿಸ್ ಟೂರ್ನಿಗೂ ಒಂದೇ ವಾರ ಕರೆ ಬಂದರೆ ಆ ಜಗಳವನ್ನು ನೀವೇ ಬಗೆಹರಿಸಬೇಕು, ಪತ್ರಿಕೆಯನ್ನು ಮಧ್ಯೆ ತರಬೇಡಿ.

– ಸಂಪಾದಕ